ಕಾರು ತಗ್ಗಿಸುವ ಮುನ್ನ

ಹುಡುಗಿ: ಚಿಕ್ಕಪ್ಪ, ಅಪ್ಪನ ಹಳೇ ಮಾರುತಿ ಝೆನ್‌ಗೆ ಲೋವರಿಂಗ್ ಸ್ಪ್ರಿಂಗ್ ಹಾಕಬೇಕು ಅಂತಿದೀನಿ. ಒಂದು ಸೆಟ್ ನೋಡಿಟ್ಟಿದೀನಿ, ಹಾಕಿದರೆ ಕಾರು 30 ಮಿಲಿಮೀಟರ್ ಕೆಳಗಿಳಿಯುತ್ತಂತೆ. ಗ್ಯಾರೇಜಿಗೆ ಕೊಡದೆ ಮನೆಯಲ್ಲೇ ಮಾಡೋಕಾಗುತ್ತಾ?

ಚಿಕ್ಕಪ್ಪ: ಆಗುತ್ತೆ. ಕೈಗೆ ಬಾರದ ಕೆಲಸವೇನಲ್ಲ. ಆದರೆ ಹಳೇ ಸ್ಪ್ರಿಂಗ್ ಬಿಚ್ಚಿ ಹೊಸದು ಕೂರಿಸಿದರೆ ಮುಗೀತು ಅಂದುಕೊಂಡವರ ಕಾರುಗಳೇ ಆಮೇಲೆ ಹದಗೆಟ್ಟು ಗ್ಯಾರೇಜಿಗೆ ಬರೋದು. ಮೊದಲು ಹೇಳು, ಯಾಕೆ ತಗ್ಗಿಸಬೇಕು?

ಹುಡುಗಿ: ಚಕ್ರಕ್ಕೂ ಮಡ್‌ಗಾರ್ಡಿಗೂ ನಡುವೆ ಅಷ್ಟು ಜಾಗ ಕಾಣೋದು ಚೆನ್ನಾಗಿರಲ್ಲ. ತಗ್ಗಿಸಿದರೆ ಕಾರು ನೆಲ ಕಚ್ಚಿ ನಿಂತ ಹಾಗಿರುತ್ತೆ. ತಿರುವಿನಲ್ಲಿ ಕಡಿಮೆ ವಾಲುತ್ತೆ ಅಂತಲೂ ಹೇಳ್ತಾರೆ.

ಚಿಕ್ಕಪ್ಪ: ಎರಡೂ ನಿಜ. ಕಾರು ಅಂದವಾಗಿ ಕಾಣಬೇಕು ಅನ್ನೋ ಆಸೆಯಲ್ಲಿ ತಪ್ಪೇನಿಲ್ಲ. 1993ರಲ್ಲಿ ಝೆನ್ ರಸ್ತೆಗಿಳಿದಾಗ ಜನ ಮೆಚ್ಚಿದ್ದೇ ಅದರ ದುಂಡನೆಯ ಮೈಯನ್ನ, ಚುರುಕು ಓಟವನ್ನ. 2006ರಲ್ಲಿ ಅದರ ತಯಾರಿಕೆ ನಿಂತಿತು. ಅಂದಮೇಲೆ ನಿಮ್ಮ ಮನೇಲಿರೋದನ್ನ ಜೋಪಾನ ಮಾಡಬೇಕು. ನಿನ್ನ ಕಣ್ಣಿಗೆ ಸುಮ್ಮನೆ ಬಿಟ್ಟ ಹಾಗೆ ಕಾಣೋ ಆ ಜಾಗಕ್ಕೆ ಒಂದು ಕೆಲಸ ಇದೆ. ಗುಂಡಿಯ ಅಂಚಿಗೋ ಹಂಪಿಗೋ ತಾಗಿದಾಗ ಚಕ್ರ ಮೇಲೇಳಬೇಕು, ಕಾರಿನ ಮೈ ಇದ್ದ ಮಟ್ಟದಲ್ಲೇ ಸಾಗಬೇಕು. ಚಕ್ರ ಎಷ್ಟು ಮೇಲೇಳಬಹುದು ಅನ್ನೋದು ಆ ಜಾಗದ ಮೇಲೆ ನಿಂತಿದೆ.

ಹುಡುಗಿ: ಲೋವರಿಂಗ್ ಸ್ಪ್ರಿಂಗ್ ಗಟ್ಟಿಯಾಗಿರುತ್ತಲ್ಲ? ಜಾಗ ಕಡಿಮೆಯಾದರೂ ಆ ಗಟ್ಟಿತನ ಸರಿದೂಗಿಸುತ್ತೆ ಅಂದುಕೊಂಡಿದ್ದೆ.

ಚಿಕ್ಕಪ್ಪ: ಕಾಗದ ತಗೋ, ಲೆಕ್ಕ ಹಾಕೋಣ. ಒಂದು ಕಾರಿನಲ್ಲಿ ಚಕ್ರಕ್ಕೆ ಮೇಲೇಳೋಕೆ 80 ಮಿಲಿಮೀಟರ್ ಜಾಗ ಇದೆ ಅಂತಿಟ್ಟುಕೋ. 30 ತಗ್ಗಿಸಿದೆ, ಉಳಿದದ್ದು 50. ಸ್ಪ್ರಿಂಗ್ ಎಷ್ಟು ಏಟು ನುಂಗುತ್ತೆ ಅನ್ನೋದು ಅದು ಕುಗ್ಗುವ ಅಂತರದ ವರ್ಗಕ್ಕೆ ತಕ್ಕಂತೆ ಏರುತ್ತೆ, ಇಳಿಯುತ್ತೆ. 80ರ ವರ್ಗ 6,400, 50ರ ವರ್ಗ 2,500. ಹೊಸ ಸ್ಪ್ರಿಂಗ್ ಹಳೆಯದಕ್ಕಿಂತ ಕಾಲುಭಾಗ ಗಟ್ಟಿ ಅಂತ ಸೇರಿಸಿದರೂ 3,125. ಹತ್ತಿರ ಹತ್ತಿರ ಅರ್ಧ. ಮಿಕ್ಕ ಏಟು ಬಂಪ್ ಸ್ಟಾಪಿಗೆ, ಅಂದರೆ ಕೊನೆಗೆ ತಡೆಯೋ ರಬ್ಬರ್ ತುಂಡಿಗೆ ಬೀಳುತ್ತೆ, ಅಲ್ಲಿಂದ ಬಾಡಿಗೆ, ಅಲ್ಲಿಂದ ನಿನ್ನ ಬೆನ್ನಿಗೆ.

ಹುಡುಗಿ: ಹಾಗಾದರೆ ತಿರುವಿನಲ್ಲಿ ವಾಲೋದು ಕಡಿಮೆ ಆಗಲ್ವಾ?

ಚಿಕ್ಕಪ್ಪ: ಆಗುತ್ತೆ, ಬಹುಪಾಲು ಸ್ಪ್ರಿಂಗಿನ ಗಟ್ಟಿತನದಿಂದ. ಕಾರಿನ ತೂಕದ ಕೇಂದ್ರ ಇಳಿದದ್ದರಿಂದಲೂ ಸ್ವಲ್ಪ ಲಾಭ ಇದೆ. ಆದರೆ ಝೆನ್‌ನ ಮುಂದಿನ ಚಕ್ರಗಳು ನಿಂತಿರೋದು ಮ್ಯಾಕ್‌ಫರ್ಸನ್ ಸ್ಟ್ರಟ್ ಮೇಲೆ, ಅಂದರೆ ಸ್ಪ್ರಿಂಗೂ ಶಾಕೂ ಒಂದೇ ಕಂಬವಾಗಿ ಕೂಡಿದ ಜೋಡಣೆ. ಅದರ ಕೆಳಗಿನ ಆರ್ಮ್ ಹೆಚ್ಚುಕಡಿಮೆ ನೆಲಕ್ಕೆ ಸಮನಾಗಿದ್ದರೆ ಒಳ್ಳೇದು. ಕಾರನ್ನ ಅತಿಯಾಗಿ ತಗ್ಗಿಸಿದರೆ ಆರ್ಮಿನ ಚಕ್ರದ ಕಡೆಯ ತುದಿ ಮೇಲಕ್ಕೆ ಏರಿ ನಿಲ್ಲುತ್ತೆ. ಆಗ ಮೈ ಯಾವ ಬಿಂದುವಿನ ಸುತ್ತ ವಾಲುತ್ತೋ ಆ ಬಿಂದು, ತೂಕದ ಕೇಂದ್ರಕ್ಕಿಂತ ಬೇಗ ಕೆಳಗಿಳಿಯುತ್ತೆ. ಎರಡರ ನಡುವಿನ ಅಂತರ ಹೆಚ್ಚಿದಷ್ಟೂ ಕಾರು ವಾಲೋಕೆ ನೋಡುತ್ತೆ. ಸ್ಟಿಯರಿಂಗ್ ರಾಡಿನ ಕೋನವೂ ಕೆಡುತ್ತೆ. ನೆಟ್ಟಗೆ ಹೋಗ್ತಿದ್ದರೂ ಉಬ್ಬು ಸಿಕ್ಕಾಗ ಚಕ್ರ ತಾನಾಗಿ ಪಕ್ಕಕ್ಕೆ ತಿರುಗುತ್ತೆ. ಒಂದಿಂಚು ಇಳಿಸಿದ ಕಾರು ಚೆನ್ನಾಗಿ ಓಡಬಹುದು. ಮೂರಿಂಚು ಇಳಿಸಿದ್ದು ಕಂಪನಿಯಿಂದ ಬಂದ ಕಾರಿಗಿಂತ ಕೆಟ್ಟದಾಗಿ ಓಡುತ್ತೆ.

ಹುಡುಗಿ: ಒಬ್ಬ ಮೆಕ್ಯಾನಿಕ್ ಬೇರೆ ದಾರಿ ಹೇಳಿದ. ಹೊಸ ಸ್ಪ್ರಿಂಗ್ ಯಾಕೆ, ಇರೋದರಲ್ಲೇ ಒಂದು ಸುತ್ತು ಕತ್ತರಿಸಿದರೆ ಸಾಕು ಅಂದ.

ಚಿಕ್ಕಪ್ಪ: ಆ ಮಾತು ಕಿವಿಗೇ ಹಾಕಿಕೊಳ್ಳಬೇಡ. ಆರು ಸುತ್ತು ಕೆಲಸ ಮಾಡೋ ಸ್ಪ್ರಿಂಗಿನಲ್ಲಿ ಒಂದು ಸುತ್ತು ತೆಗೆದರೆ ಗಟ್ಟಿತನ ಶೇಕಡ 20 ಹೆಚ್ಚುತ್ತೆ, ಅದು ಸರಿ. ಆದರೆ ತುದಿಯ ಸುತ್ತನ್ನ ಅದು ಕೂರುವ ತಟ್ಟೆಗೆ ಹೊಂದೋ ಹಾಗೆ ರೂಪಿಸಿರ್ತಾರೆ. ಅದನ್ನ ಕತ್ತರಿಸಿದರೆ ಸ್ಪ್ರಿಂಗ್ ಓರೆಯಾಗಿ ಕೂರುತ್ತೆ. ಗ್ಯಾಸಿನ ಬೆಂಕಿಯಲ್ಲಿ ಕತ್ತರಿಸಿದರೆ ಉಕ್ಕಿನ ಹದವೂ ಹೋಗುತ್ತೆ, ಕಾದ ಜಾಗದಲ್ಲಿ ಅದು ಮುಂದೆ ಕುಸಿಯುತ್ತೆ, ಇಲ್ಲವೇ ಮುರಿಯುತ್ತೆ. ಇನ್ನೊಂದು ಅಪಾಯ, ಚಕ್ರ ಪೂರ್ತಿ ಕೆಳಗೆ ನೇತಾಡಿದಾಗ ಮೋಟಾದ ಸ್ಪ್ರಿಂಗ್ ಸಡಿಲವಾಗಿ ತಟ್ಟೆಯಿಂದ ಜಾರಬಹುದು. ಸರಿಯಾದ ಲೋವರಿಂಗ್ ಸ್ಪ್ರಿಂಗಿನಲ್ಲಿ ತಂತಿಯ ದಪ್ಪ, ಸುತ್ತುಗಳ ಅಂತರ ಎಲ್ಲವನ್ನೂ ಲೆಕ್ಕ ಹಾಕಿರ್ತಾರೆ. ಗಟ್ಟಿತನ ದಪ್ಪದ ನಾಲ್ಕನೇ ಘಾತಕ್ಕೆ ತಕ್ಕಂತೆ ಏರುತ್ತೆ. 10 ಮಿಲಿಮೀಟರ್ ತಂತಿ 10.5 ಆದರೆ ಸಾಕು, ಶೇಕಡ 21ರಷ್ಟು ಗಟ್ಟಿ. ಅರ್ಧ ಮಿಲಿಮೀಟರಿಗೆ ಅಷ್ಟು ವ್ಯತ್ಯಾಸ.

ಹುಡುಗಿ: ಸರಿ, ಕತ್ತರಿಸೋದು ಬೇಡ. ಕೆಲಸ ಎಲ್ಲಿಂದ ಶುರು ಮಾಡೋಣ?

ಚಿಕ್ಕಪ್ಪ: ಅಳತೆಯಿಂದ. ಟೈರಿನ ಗಾಳಿ ಸರಿ ಮಾಡಿ ಕಾರನ್ನ ಸಮತಟ್ಟಾದ ಕಡೆ ನಿಲ್ಲಿಸು. ಚಕ್ರದ ನಡುಬಿಂದುವಿನಿಂದ ಮಡ್‌ಗಾರ್ಡಿನ ಅಂಚಿನವರೆಗೆ ನಾಲ್ಕೂ ಕಡೆ ಟೇಪ್ ಹಿಡಿದು ಬರೆದುಕೋ. ನೆಲದಿಂದ ಅಳೀಬೇಡ, ಟೈರ್ ಸವೆದಿದ್ದರೆ ಲೆಕ್ಕ ತಪ್ಪುತ್ತೆ. ಇಷ್ಟು ಹಳೇ ಕಾರಿನ ಸ್ಪ್ರಿಂಗ್ ಆಗಲೇ ಕುಸಿದಿರೋ ಸಾಧ್ಯತೆ ಹೆಚ್ಚು. ಅಂಗಡಿಯವನು ಹೇಳೋ 30 ಮಿಲಿಮೀಟರ್ ಹೊಸ ಕಾರಿನ ಎತ್ತರದಿಂದ ಲೆಕ್ಕ ಹಾಕಿದ್ದು. ನಿನ್ನ ಕಾರು ಆಗಲೇ 15 ಇಳಿದಿದ್ದರೆ ನಿನಗೆ ಕಾಣೋದು ಇನ್ನು 15 ಮಾತ್ರ. ಎಡಕ್ಕೂ ಬಲಕ್ಕೂ ವ್ಯತ್ಯಾಸ ಕಂಡರೆ ಒಂದು ಸ್ಪ್ರಿಂಗಿನ ತುದಿ ಮುರಿದಿದೆಯಾ ನೋಡಬೇಕು. ಕೆಳಗಿನ ತಟ್ಟೆಯಲ್ಲಿ ನೀರು, ಮಣ್ಣು ನಿಂತು ಅಲ್ಲೇ ತುಕ್ಕು ಹಿಡಿಯೋದು.

ಹುಡುಗಿ: ಸ್ಪ್ರಿಂಗ್ ಜೊತೆ ಇನ್ನೇನೇನು ತರಬೇಕು?

ಚಿಕ್ಕಪ್ಪ: ಶಾಕ್ ಅಬ್ಸಾರ್ಬರ್ ನಾಲ್ಕೂ ಹೊಸದು. ಗಟ್ಟಿ ಸ್ಪ್ರಿಂಗ್ ಜೋರಾಗಿ ವಾಪಸ್ ಚಿಮ್ಮುತ್ತೆ, ಅದನ್ನ ತಡೆದು ನಿಲ್ಲಿಸೋ ಶಕ್ತಿ ದಣಿದ ಶಾಕಿಗೆ ಇರಲ್ಲ. ಬಂಪ್ ಸ್ಟಾಪ್, ಅದರ ಮೇಲಿನ ರಬ್ಬರ್ ಬೂಟು, ಸ್ಟ್ರಟ್ ತಲೆಯ ಮೌಂಟ್ ಮತ್ತು ಬೇರಿಂಗ್, ಕೆಳಗಿನ ಆರ್ಮಿನ ಬುಷ್‌ಗಳು. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಸುತ್ತಾಡಿದರೆ ಹಳೇ ಮಾರುತಿಯ ಸಾಮಾನು ಇವತ್ತಿಗೂ ಸಿಗುತ್ತೆ. ಒಂದು ಸಲ ಬಿಚ್ಚಿದ ಮೇಲೆ ಇವನ್ನ ಬದಲಿಸದೆ ಮುಚ್ಚಿದರೆ, ಆರು ತಿಂಗಳಿಗೆ ಮತ್ತೆ ಅದೇ ಕೆಲಸ. ಇನ್ನು ಸಲಕರಣೆ. ಒಳ್ಳೇ ಜಾಕ್, ಎರಡು ಗಟ್ಟಿ ಸ್ಟ್ಯಾಂಡ್, ಚಕ್ರಕ್ಕೆ ಅಡ್ಡ ಇಡೋ ಮರದ ದಿಮ್ಮಿ, ಟಾರ್ಕ್ ರೆಂಚ್. ಎಲ್ಲಕ್ಕಿಂತ ಮುಖ್ಯ, ಗಟ್ಟಿಮುಟ್ಟಾದ ಸ್ಪ್ರಿಂಗ್ ಕಂಪ್ರೆಸರ್.

ಹುಡುಗಿ: ಕಂಪ್ರೆಸರ್ ಇಲ್ಲದೆ ಹಗ್ಗ, ಸರಪಳಿ ಕಟ್ಟಿ ಬಿಚ್ಚೋರನ್ನ ನೋಡಿದೀನಿ.

ಚಿಕ್ಕಪ್ಪ: ನಾನೂ ನೋಡಿದೀನಿ. ಮತ್ತೆ ಕಾಗದ ತಗೋ. ಒಂದು ಮಿಲಿಮೀಟರ್ ಒತ್ತೋಕೆ 2 ಕಿಲೋ ಬೇಕಾಗೋ ಸ್ಪ್ರಿಂಗನ್ನ 150 ಮಿಲಿಮೀಟರ್ ಒತ್ತಿ ಹಿಡಿದಿದೀಯ ಅಂತಿಟ್ಟುಕೋ. ಅದು 300 ಕಿಲೋ ಬಲದಿಂದ ಹೊರಗೆ ದೂಡ್ತಿರುತ್ತೆ. ಅದರೊಳಗೆ ಕೂತಿರೋ ಶಕ್ತಿ ಸುಮಾರು 225 ಜೌಲ್. ಆ ಶಕ್ತಿಯೆಲ್ಲ 2 ಕಿಲೋದ ಒಂದು ಕಬ್ಬಿಣದ ತುಂಡಿಗೆ ಹೋದರೆ, ಅದು ಗಂಟೆಗೆ 54 ಕಿಲೋಮೀಟರ್ ವೇಗದಲ್ಲಿ ಹಾರುತ್ತೆ. ಮುಖ ಅಲ್ಲೇ ಹತ್ತಿರದಲ್ಲಿ ಇರುತ್ತಲ್ಲ, ತಪ್ಪಿಸಿಕೊಳ್ಳೋಕೆ ಸಮಯವೇ ಸಿಗಲ್ಲ. ಈ ಕೆಲಸದಲ್ಲಿ ದುಡ್ಡು ಉಳಿಸಬಾರದ ಜಾಗ ಇದೊಂದೇ. ಗಟ್ಟಿ ಕಂಪ್ರೆಸರ್ ಸಿಗಲಿಲ್ಲವಾ, ಸ್ಟ್ರಟ್ ಬಿಚ್ಚಿ ಕೈಯಲ್ಲಿ ಹಿಡಿದು ಗ್ಯಾರೇಜಿಗೆ ಹೋಗು, ಸ್ಪ್ರಿಂಗ್ ಬದಲಿಸೋದನ್ನ ಮಾತ್ರ ಅವರ ಯಂತ್ರದಲ್ಲಿ ಮಾಡಿಸಿಕೊಂಡು ಬಾ. ಅದರಲ್ಲಿ ನಾಚಿಕೆ ಪಡುವಂಥದ್ದೇನೂ ಇಲ್ಲ.

ಹುಡುಗಿ: ಮುಂದಿನ ಸ್ಟ್ರಟ್ ಬಿಚ್ಚೋ ಕ್ರಮ ಹೇಳಿ.

ಚಿಕ್ಕಪ್ಪ: ಹಿಂದಿನ ದಿನವೇ ಬೋಲ್ಟುಗಳಿಗೆ ತುಕ್ಕು ಬಿಡಿಸೋ ಎಣ್ಣೆ ಹೊಡೆದಿಡು. ಗೇಟಿನ ಮುಂದಿನ ಇಳಿಜಾರಿನಲ್ಲಿ ಈ ಕೆಲಸ ಬೇಡ, ಒಳಗಿನ ಗಟ್ಟಿ ನೆಲ ಬೇಕು. ಚಕ್ರದ ನಟ್ಟುಗಳನ್ನ ಕಾರು ನೆಲದ ಮೇಲಿದ್ದಾಗಲೇ ಸ್ವಲ್ಪ ಸಡಿಲಿಸು. ಜಾಕ್ ಎತ್ತಿ ಸ್ಟ್ಯಾಂಡ್ ಮೇಲೆ ಕೂರಿಸಿ, ಕಾರನ್ನ ಕೈಯಿಂದ ಅಲುಗಿಸಿ ನೋಡು. ಕದಲದೆ ನಿಂತರೆ ಮಾತ್ರ ಅದರ ಕೆಳಗೆ ಕೈ. ಇಟ್ಟಿಗೆ, ಹಾಲೋ ಬ್ಲಾಕ್ ಯಾವತ್ತೂ ಇಡಬಾರದು, ಅವು ಮುನ್ಸೂಚನೆಯಿಲ್ಲದೆ ಒಡೆಯುತ್ತವೆ. ಆಮೇಲೆ ಸ್ಟ್ರಟ್‌ಗೆ ಹಿಡಿಸಿರೋ ಬ್ರೇಕ್ ಹೋಸನ್ನ ಅದರ ಹಿಡಿಯಿಂದ ಬಿಡಿಸು. ಸ್ಟ್ರಟ್ಟನ್ನ ಹಬ್‌ಗೆ ಸೇರಿಸೋ ಎರಡು ಬೋಲ್ಟ್ ತೆಗೆಯೋ ಮುಂಚೆ ಹಬ್ಬನ್ನ ತಂತಿಯಿಂದ ಕಟ್ಟಿ ನಿಲ್ಲಿಸು. ಅದು ಹೊರಗೆ ವಾಲಿದರೆ ಡ್ರೈವ್ ಶಾಫ್ಟ್ ತನ್ನ ಜಾಯಿಂಟಿನಿಂದ ಕಳಚಿಕೊಳ್ಳುತ್ತೆ, ಬ್ರೇಕ್ ಹೋಸಿನ ಮೇಲೆ ಭಾರ ಬೀಳುತ್ತೆ. ಕೊನೆಗೆ ಬಾನೆಟ್ ಕೆಳಗಿನ ಮೌಂಟಿನ ಹೊರ ನಟ್ಟುಗಳನ್ನ ತೆಗೆದರೆ ಸ್ಟ್ರಟ್ ಇಡಿಯಾಗಿ ಕೈಗೆ ಬರುತ್ತೆ. ಸ್ಟ್ರಟ್ಟಿನ ತಲೆಯ ನಡುವೆ ಒಂದು ನಟ್ ಇರುತ್ತೆ. ಸ್ಪ್ರಿಂಗ್ ಎರಡೂ ತಟ್ಟೆ ಬಿಟ್ಟು ಸಡಿಲವಾಗಿದೆ ಅಂತ ಕಣ್ಣಿಗೆ ಕಾಣೋ ತನಕ ಅದನ್ನ ಮುಟ್ಟಲೇಬಾರದು.

ಹುಡುಗಿ: ಕಂಪ್ರೆಸರನ್ನ ಹೇಗೆ ಹಾಕಬೇಕು?

ಚಿಕ್ಕಪ್ಪ: ಎರಡು ಉದ್ದ ಬೋಲ್ಟಿನ ಮಾದರಿಯಾದರೆ ಒಂದಕ್ಕೊಂದು ಎದುರಾಗಿ ಕೂರಿಸು. ಕೊಕ್ಕೆಗಳು ಆದಷ್ಟು ಹೆಚ್ಚು ಸುತ್ತುಗಳನ್ನ ಹಿಡಿಯಬೇಕು. ಒಂದು ಕಡೆ ಕೆಲವು ಸುತ್ತು, ಇನ್ನೊಂದು ಕಡೆ ಅಷ್ಟೇ ಸುತ್ತು ತಿರುಗಿಸುತ್ತಾ ಹೋಗಬೇಕು. ಒಂದೇ ಕಡೆ ಬಿಗಿದರೆ ಸ್ಪ್ರಿಂಗ್ ಬಾಳೆಕಾಯಿಯ ಹಾಗೆ ಬಾಗಿ ಕೊಕ್ಕೆಯಿಂದ ಜಾರುತ್ತೆ. ಬೋಲ್ಟಿನ ಮರೆಗೆ ಎಣ್ಣೆ ಹಚ್ಚಬೇಕು, ಗಾಳಿಯ ಗನ್ ಬೇಡ, ಕೈಯಲ್ಲೇ ನಿಧಾನಕ್ಕೆ. ಸ್ಪ್ರಿಂಗಿನ ಎರಡು ತುದಿಗಳ ನೇರಕ್ಕೆ ತಲೆ, ಎದೆ ತರಬಾರದು. ಹೊಸ ಸ್ಪ್ರಿಂಗ್ ಗಿಡ್ಡ ಇರೋದರಿಂದ ಅದನ್ನ ಅಷ್ಟು ಒತ್ತಬೇಕಾಗಿಲ್ಲ. ಕೂರಿಸುವಾಗ ತುದಿ ತಟ್ಟೆಯ ಮೆಟ್ಟಿಲಿಗೆ ಸರಿಯಾಗಿ ತಾಗಿದೆಯಾ ನೋಡು. ಬೆರಳು ತೂರಿಸಬೇಡ, ಟಾರ್ಚ್ ಬಿಟ್ಟು ನೋಡು. ತುದಿ ಮೆಟ್ಟಿಲು ಹತ್ತಿ ಕೂತಿದ್ದರೆ ಸ್ಟಿಯರಿಂಗ್ ತಿರುಗಿಸಿದಾಗೆಲ್ಲ ಟಕ್ ಟಕ್ ಸದ್ದು ಬರುತ್ತೆ.

ಹುಡುಗಿ: ಹಿಂದಿನದೂ ಇಷ್ಟೇ ಕೆಲಸವಾ?

ಚಿಕ್ಕಪ್ಪ: ಹಿಂದೆ ಸುಲಭ. ಅಲ್ಲಿ ಸ್ಪ್ರಿಂಗ್ ಬೇರೆ, ಶಾಕ್ ಬೇರೆ. ಆದರೆ ಹಿಂದಿನ ಚಕ್ರ ಎತ್ತಿದ ಕೂಡಲೇ ಹ್ಯಾಂಡ್ ಬ್ರೇಕ್ ಉಪಯೋಗಕ್ಕೆ ಬರಲ್ಲ. ಅದು ಹಿಡಿಯೋದೇ ಹಿಂದಿನ ಚಕ್ರಗಳನ್ನ, ಅವು ಗಾಳಿಯಲ್ಲಿ ಇರುತ್ತವೆ. ಹಾಗಾಗಿ ಕಾರನ್ನ ಗೇರಿನಲ್ಲಿಟ್ಟು, ಮುಂದಿನ ಚಕ್ರಗಳಿಗೆ ಹಿಂದೆ ಮುಂದೆ ದಿಮ್ಮಿ ಕೊಡಬೇಕು. ಆಕ್ಸಲ್ ಕೆಳಗೆ ಜಾಕ್ ಇಟ್ಟು, ಎರಡೂ ಶಾಕ್‌ಗಳ ಕೆಳಗಿನ ಬೋಲ್ಟ್ ತೆಗೆದು, ಆಕ್ಸಲನ್ನ ನಿಧಾನಕ್ಕೆ ಇಳಿಸುತ್ತಾ ಬಂದರೆ ಸ್ಪ್ರಿಂಗ್ ಸಡಿಲಾಗಿ ಹೊರಬರುತ್ತೆ. ಇಳಿಸುವಾಗ ಕಣ್ಣು ಬ್ರೇಕ್ ಹೋಸಿನ ಮೇಲಿರಲಿ. ಅದು ಬಿಗಿಯಾಗುತ್ತಾ ಬಂದರೆ ಅಲ್ಲಿಗೇ ನಿಲ್ಲಿಸಬೇಕು.

ಹುಡುಗಿ: ಎಲ್ಲ ಕೂರಿಸಿ ಬಿಗಿ ಮಾಡಿ ಇಳಿಸಿದರೆ ಮುಗೀತಲ್ಲ?

ಚಿಕ್ಕಪ್ಪ: ಬಿಗಿ ಮಾಡೋದರಲ್ಲೇ ಒಂದು ಸೂಕ್ಷ್ಮ ಇದೆ. ಆರ್ಮಿನ ಬುಷ್ ಅಂದರೆ ಎರಡು ಲೋಹದ ಕೊಳವೆಗಳ ನಡುವೆ ಅಂಟಿಸಿದ ರಬ್ಬರ್. ಬೋಲ್ಟ್ ಬಿಗಿದ ಮೇಲೆ ಒಳಕೊಳವೆ ಕದಲಲ್ಲ, ರಬ್ಬರ್ ತಿರುಚಿಕೊಂಡೇ ಆರ್ಮ್ ಆಡಬೇಕು. ಚಕ್ರ ನೇತಾಡ್ತಿರುವಾಗ ಬಿಗಿದರೆ, ಕಾರು ನೆಲಕ್ಕಿಳಿದ ಕೂಡಲೇ ರಬ್ಬರ್ ತಿರುಚಿದ ಸ್ಥಿತಿಯಲ್ಲಿ ನಿಂತುಬಿಡುತ್ತೆ. ಇಡೀ ದಿನ ಹಾಗೇ ಎಳೆದಾಡಿ ಬೇಗ ಹರಿಯುತ್ತೆ, ಕಾರಿನ ಎತ್ತರವೂ ಸುಳ್ಳಾಗಿ ಹೆಚ್ಚಿರುತ್ತೆ. ಅದಕ್ಕೇ ಆರ್ಮಿನ ಬೋಲ್ಟುಗಳನ್ನ ಸುಮ್ಮನೆ ಕೂರಿಸಿ, ಚಕ್ರ ಹಾಕಿ, ಚಕ್ರಗಳ ಕೆಳಗೆ ದಪ್ಪ ಹಲಗೆ ಕೊಟ್ಟು ಕಾರನ್ನ ಅದರ ಮೇಲೆ ಇಳಿಸು. ಮೈ ಮೇಲೆ ಕೆಳಗೆ ಕುಲುಕಿಸಿ, ತನ್ನ ಎತ್ತರಕ್ಕೆ ಕೂತ ಮೇಲೆ ಟಾರ್ಕ್ ರೆಂಚ್ ಹಿಡಿ. ಎಷ್ಟು ಬಿಗಿಯಬೇಕು ಅನ್ನೋದು ಕಂಪನಿಯ ಸರ್ವಿಸ್ ಮ್ಯಾನ್ಯುಯಲ್‌ನಲ್ಲಿದೆ, ಕೈಯ ಅಂದಾಜು ಬೇಡ. ಹಳೇ ಕಾರುಗಳನ್ನ ಮನೆಯಲ್ಲಿ ಬಿಚ್ಚೋರು ಹೆಚ್ಚಾಗಿ ಮರೆಯೋದು ಈ ಹೆಜ್ಜೆಯನ್ನೇ.

ಹುಡುಗಿ: ಆಮೇಲೆ ವೀಲ್ ಅಲೈನ್‌ಮೆಂಟ್.

ಚಿಕ್ಕಪ್ಪ: ಸ್ವಲ್ಪ ದಿನ ಓಡಿಸಿ, ಸ್ಪ್ರಿಂಗ್ ಕೂತ ಮೇಲೆ ಮತ್ತೆ ಅದೇ ನಾಲ್ಕು ಕಡೆ ಟೇಪ್ ಹಿಡಿದು, ಆಮೇಲೆ ಅಲೈನ್‌ಮೆಂಟ್. ಎತ್ತರ ಬದಲಾದರೆ ಟೋ, ಅಂದರೆ ಚಕ್ರ ಒಳಕ್ಕೋ ಹೊರಕ್ಕೋ ಮುಖ ಮಾಡಿರೋ ಕೋನ ಬದಲಾಗುತ್ತೆ, ಟೋ ತಪ್ಪಿದರೆ ಹೊಸ ಟೈರೂ ಒಂದು ಅಂಚಿನಲ್ಲಿ ಸವೆದುಹೋಗುತ್ತೆ. ಹೆಡ್‌ಲೈಟಿನ ಬೆಳಕು ಎಲ್ಲಿಗೆ ಬೀಳುತ್ತೆ ಅಂತ ಗೋಡೆಯ ಮುಂದೆ ನಿಲ್ಲಿಸಿ ನೋಡಬೇಕು. ಕೆಲವು ಕಾರುಗಳಲ್ಲಿ ಹಿಂದಿನ ಆಕ್ಸಲಿಗೆ ಸೇರಿಸಿದ ಒಂದು ಬ್ರೇಕ್ ವಾಲ್ವ್ ಇರುತ್ತೆ. ಆಕ್ಸಲಿಗೂ ಬಾಡಿಗೂ ಅಂತರ ಕಡಿಮೆಯಾದರೆ ಕಾರಿನಲ್ಲಿ ಭಾರ ಹೆಚ್ಚಿದೆ ಅಂತ ತಿಳಿದು ಅದು ಹಿಂದಿನ ಬ್ರೇಕಿಗೆ ಹೆಚ್ಚು ಒತ್ತಡ ಬಿಡುತ್ತೆ. ತಗ್ಗಿಸಿದ ಕಾರು ಅದರ ಲೆಕ್ಕದಲ್ಲಿ ಸದಾ ಭಾರ ಹೊತ್ತ ಕಾರು. ಮಳೆಯಲ್ಲಿ ಜೋರಾಗಿ ಬ್ರೇಕ್ ತುಳಿದಾಗ ಹಿಂದಿನ ಚಕ್ರಗಳು ಮೊದಲು ಲಾಕ್ ಆಗಿ ಕಾರು ಗಿರ್ರನೆ ತಿರುಗಿಬಿಡಬಹುದು. ಅಂಥ ವಾಲ್ವ್ ಇದ್ದರೆ ಅದನ್ನೂ ಹೊಸ ಎತ್ತರಕ್ಕೆ ಹೊಂದಿಸಲೇಬೇಕು.

ಹುಡುಗಿ: ನಮ್ಮೂರಿನ ಹಂಪುಗಳ ಮಾತೇ ಬರಲಿಲ್ಲ. 30 ಮಿಲಿಮೀಟರ್ ತಗ್ಗಿಸಿದರೆ ಹೊಟ್ಟೆ ತಾಗುತ್ತಾ?

ಚಿಕ್ಕಪ್ಪ: ನಿಯಮದ ಪ್ರಕಾರ ಕಟ್ಟಿದ ಹಂಪಿಗೆ ತಾಗಲ್ಲ. ಇಂಡಿಯನ್ ರೋಡ್ಸ್ ಕಾಂಗ್ರೆಸ್ 1988ರಲ್ಲೇ ಅಳತೆ ಹೇಳಿದೆ. ಅಗಲ 3.7 ಮೀಟರ್, ಎತ್ತರ 10 ಸೆಂಟಿಮೀಟರ್, 17 ಮೀಟರ್ ತ್ರಿಜ್ಯದ ಕಮಾನು. ಝೆನ್‌ನ ಮುಂದಿನ ಹಿಂದಿನ ಚಕ್ರಗಳ ನಡುವಿನ ದೂರ 2.335 ಮೀಟರ್. ಎರಡೂ ಚಕ್ರ ಹಂಪಿನ ಮೇಲೇ ಇದ್ದಾಗ, ನಡುವೆ ಹಂಪು ಉಬ್ಬಿರೋದು 4 ಸೆಂಟಿಮೀಟರ್ ಮಾತ್ರ. ತಗ್ಗಿಸಿದ ಕಾರೂ ಸಲೀಸಾಗಿ ದಾಟುತ್ತೆ. ಆದರೆ ಬಡಾವಣೆಯ ಜನ ರಾತ್ರೋರಾತ್ರಿ ಸಿಮೆಂಟ್ ಸುರಿದು ಕಟ್ಟಿದ ಕಡಿಮೆ ಅಗಲದ ಹಂಪಿನಲ್ಲಿ ಮುಂದಿನ ಚಕ್ರ ದಾಟಿ ಇಳಿದಿರುತ್ತೆ, ಹಿಂದಿನದು ಇನ್ನೂ ಹತ್ತಿರುವುದಿಲ್ಲ. 15 ಸೆಂಟಿಮೀಟರ್ ಎತ್ತರ ಇದ್ದರೆ ಅಷ್ಟೂ ಹೊಟ್ಟೆಯ ಕೆಳಗೇ ಬರುತ್ತೆ. ನಾಲ್ಕು ಜನ ಕೂತಾಗ ಸೈಲೆನ್ಸರ್ ಮೊದಲು ಬಡಿಯುತ್ತೆ. ಅಂಥ ಹಂಪು ತಗ್ಗಿಸದ ಕಾರಿಗೂ, ಆಂಬುಲೆನ್ಸಿನಲ್ಲಿ ಮಲಗಿದ ರೋಗಿಗೂ ಶತ್ರು. ಆದರೆ ಅದು ಇರೋ ತನಕ ನಿನ್ನ ಕಾರು ಅದನ್ನ ದಾಟಲೇಬೇಕು.

ಹುಡುಗಿ: ಕಾನೂನು ಏನು ಹೇಳುತ್ತೆ? ಎಷ್ಟೋ ಜನ ಹಾಕಿಸಿದ್ದಾರೆ, ಯಾರೂ ಹಿಡಿದ ಹಾಗಿಲ್ಲ.

ಚಿಕ್ಕಪ್ಪ: ಹಿಡಿಯಲಿಲ್ಲ ಅಂದ ಮಾತ್ರಕ್ಕೆ ಸರಿ ಅಂತಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಆರ್‌ಸಿಯಲ್ಲಿನ ವಿವರ ತಯಾರಕರು ಮೂಲದಲ್ಲಿ ಕೊಟ್ಟ ವಿವರಕ್ಕಿಂತ ಬೇರೆಯಾಗೋ ಹಾಗೆ ವಾಹನವನ್ನ ಮಾರ್ಪಡಿಸಬಾರದು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ವಾಹನ ತಯಾರಕರ ಮೂಲ ವಿನ್ಯಾಸಕ್ಕೆ ತಕ್ಕಂತೆ ಇರಬೇಕು ಅಂತ ಖಡಾಖಂಡಿತವಾಗಿ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ 182ಎ ಸೆಕ್ಷನ್ ಬಂತು. ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಸೆರೆ, ಎರಡೂ ಆಗಬಹುದು. ಆರ್‌ಸಿಯಲ್ಲಿ ಸ್ಪ್ರಿಂಗಿನ ಎತ್ತರ ಬರೆದಿಲ್ಲವಲ್ಲ ಅಂತ ವಾದ ಮಾಡೋರಿದಾರೆ. ಆ ವಾದ ನೆಚ್ಚಿಕೊಂಡು ರಸ್ತೆಗಿಳಿ ಅಂತ ನಿನಗೆ ನಾನು ಹೇಳಲ್ಲ. 15 ವರ್ಷ ದಾಟಿದ ಕಾರಿನ ನೋಂದಣಿ ನವೀಕರಿಸುವಾಗ ಆರ್‌ಟಿಒ ತಪಾಸಣೆ ಇರುತ್ತೆ. ಅಪಘಾತವಾದರೆ, ತಿಳಿಸದೆ ಮಾಡಿದ ಮಾರ್ಪಾಡನ್ನ ಮುಂದಿಟ್ಟು ವಿಮಾ ಕಂಪನಿ ತಕರಾರು ತೆಗೆಯಬಹುದು.

ಹುಡುಗಿ: ಬೇರೆ ದೇಶಗಳಲ್ಲಿ ಇದಕ್ಕೆ ದಾರಿ ಇದೆಯಲ್ಲ?

ಚಿಕ್ಕಪ್ಪ: ಇದೆ. ಜರ್ಮನಿಯನ್ನೇ ತಗೋ. ಐಬಾಖ್, ಎಚ್ ಅಂಡ್ ಆರ್ ಥರದ ಹೆಸರುವಾಸಿ ಸ್ಪ್ರಿಂಗ್ ಕಂಪನಿಗಳು ಅಲ್ಲಿಯವು. ಸ್ಪ್ರಿಂಗ್ ಯಾವ ಕಾರಿಗೆ, ಎಷ್ಟು ಭಾರಕ್ಕೆ ಸರಿಹೊಂದುತ್ತೆ ಅಂತ ಪರೀಕ್ಷಿಸಿದ ದಾಖಲೆ ಅದರ ಜೊತೆಗೇ ಬರುತ್ತೆ. ಹಾಕಿಸಿದ ಮೇಲೆ ಟ್ಯೂಫ್‌ನಂಥ ತಪಾಸಣಾ ಸಂಸ್ಥೆಯ ಇಂಜಿನಿಯರ್ ಕಾರನ್ನ ನೋಡಿ ಒಪ್ಪಿದರೆ ಅದು ವಾಹನದ ಕಾಗದಪತ್ರಕ್ಕೆ ಸೇರುತ್ತೆ. ಯಾರೂ ಕದ್ದುಮುಚ್ಚಿ ಮಾಡಬೇಕಾಗಿಲ್ಲ, ಕತ್ತರಿಸಿದ ಸ್ಪ್ರಿಂಗ್ ರಸ್ತೆಗೆ ಬರೋದೂ ಕಷ್ಟ. ನಮ್ಮಲ್ಲೂ ಅಂಥ ಪರೀಕ್ಷೆಯ ದಾರಿ ಬರಲಿ ಅನ್ನೋದು ನನ್ನ ಆಸೆ. ಬರೀ ನಿಷೇಧ ಇದ್ದರೆ ಒಳ್ಳೇ ಕೆಲಸ ಮಾಡೋನೂ ಕೆಟ್ಟ ಕೆಲಸ ಮಾಡೋನೂ ಒಂದೇ ಸಾಲಿನಲ್ಲಿ ನಿಲ್ಲಬೇಕಾಗುತ್ತೆ.

ಹುಡುಗಿ: ಹಾಗಾದರೆ ನಾನೀಗ ಏನು ಮಾಡಲಿ? ಕೊಂಡರೆ ಕಾನೂನು ಅಡ್ಡ, ಬಿಟ್ಟರೆ ಕುಸಿದ ಕಾರು ಹಾಗೇ ಉಳಿಯುತ್ತೆ.

ಚಿಕ್ಕಪ್ಪ: ನಿನ್ನ ಕಾರು ಯಾವ ರಸ್ತೆಯಲ್ಲಿ ಓಡುತ್ತೆ ಅನ್ನೋದರ ಮೇಲೆ ತೀರ್ಮಾನ. ಚೆನ್ನೈ ಹತ್ತಿರದ ಇರುಂಗಾಟ್ಟುಕೋಟ್ಟೈಯಲ್ಲೋ ಕೊಯಮತ್ತೂರಿನ ಕರಿ ಟ್ರ್ಯಾಕಿನಲ್ಲೋ ಓಡಿಸೋಕೆಂದೇ ಇಟ್ಟುಕೊಂಡ ಕಾರಾದರೆ, ಅದನ್ನ ಲಾರಿಯ ಮೇಲೆ ಒಯ್ಯೋ ಹಾಗಿದ್ದರೆ, ತಗ್ಗಿಸು. ಅಲ್ಲಿ ಹಂಪಿಲ್ಲ, ಗುಂಡಿಯಿಲ್ಲ, ಚಕ್ರಕ್ಕೆ ಅಷ್ಟು ಜಾಗ ಬೇಕಾಗಿಲ್ಲ. ಅಮ್ಮನನ್ನ ಕೂರಿಸಿಕೊಂಡು ಮಾರ್ಕೆಟ್ಟಿಗೆ, ಹಬ್ಬಕ್ಕೆ ಊರಿಗೆ ಹೋಗೋ ಕಾರಾದರೆ ಕಂಪನಿಯ ಅಳತೆಯ ಹೊಸ ಸ್ಪ್ರಿಂಗ್, ಹೊಸ ಶಾಕ್, ಹೊಸ ಬುಷ್ ಹಾಕು. ನಾನು ಇಷ್ಟು ಹೊತ್ತು ಹೇಳಿದ ಕೆಲಸದ ಕ್ರಮ ಬದಲಾಗಲ್ಲ, ಸ್ಪ್ರಿಂಗ್ ಗಿಡ್ಡ ಇರಲ್ಲವಾದ್ದರಿಂದ ಹೆಚ್ಚು ಒತ್ತಬೇಕು ಅಷ್ಟೇ. ಅದೇ ಕಂಪ್ರೆಸರ್, ಅದೇ ಎಚ್ಚರ, ಅದೇ ಹಲಗೆಯ ಮೇಲೆ ಬಿಗಿಯೋದು. ಕುಸಿದ ಕಾರಿಗೆ ಹುಟ್ಟಿದಾಗಿನ ಓಟ ವಾಪಸ್ ಬಂದದ್ದು ನಿನಗೆ ಮೊದಲ ತಿರುವಿನಲ್ಲೇ ಗೊತ್ತಾಗುತ್ತೆ. ತಿರುವಿನಲ್ಲಿ ತೇಲಾಡೋದು ಹಳೇ ಕಾರಿನಲ್ಲಿ ಹೆಚ್ಚಾಗಿ ಎತ್ತರದಿಂದಲ್ಲ, ಸತ್ತ ಶಾಕ್ ಮತ್ತು ಹರಿದ ಬುಷ್‌ಗಳಿಂದ.

ಹುಡುಗಿ: ನಮ್ಮದು ಮಾರ್ಕೆಟ್ಟಿಗೆ, ಊರಿಗೆ ಹೋಗೋ ಕಾರೇ. ಕಂಪನಿ ಸ್ಪ್ರಿಂಗನ್ನೇ ತರ್ತೀನಿ. ಅಳತೆ ಈಗಲೇ ತಗೊಳ್ಳಲಾ?

ಚಿಕ್ಕಪ್ಪ: ಮೊದಲು ಟೈರಿಗೆ ಗಾಳಿ ಸರಿ ಮಾಡು, ಆಮೇಲೆ ಟೇಪ್ ಹಿಡಿ. ನಾಲ್ಕೂ ಕಡೆ ಅಳೆದು ಬರೆದಿಡು. ಗಟ್ಟಿ ಕಂಪ್ರೆಸರ್ ಕೈಗೆ ಬರೋ ತನಕ ಸ್ಟ್ರಟ್ಟಿನ ಒಂದು ಬೋಲ್ಟನ್ನೂ ಬಿಚ್ಚಬೇಡ.